ಸೇವೆಗೆ ಸಂದ ಬಿರುದು: ‘ಜನೋಪಕಾರ ಕಾಮಕರ್ತ’ನಿಂದ ಪದ್ಮಶ್ರೀವರೆಗೆ

ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಮುನ್ನ ಪುಣಜನೂರು ಸಿಗುತ್ತದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವ ಈ ಊರಿನ ಹೆಸರನ್ನೇ ಬಿಳಿಗಿರಿರಂಗನಾಥಸ್ವಾಮಿ ದೇವಸ್ಥಾನ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇಡಲಾಗಿದೆ. ಸುತ್ತಲಿನ ಕಾಡಿನಲ್ಲಿ ಸೋಲಿಗರ ಪೋಡುಗಳಿವೆ. ಯಜಮಾನ, ಪಟ್ಟಗಾರ, ಚಲವಾದಿ, ತಮ್ಮಡಿ ಎಂಬ ಹೆಸರುಗಳು ಸೋಲಿಗರಲ್ಲಿ ಹಿಂದಿನಿಂದ ಬಂದಿವೆ. ಇವು ಗೌರವದ ಹೆಸರುಗಳೇ. ಆದರೆ ಪಂಚಾಯಿತಿ ನಡೆಸುವುದು, ಪೋಡಿನಿಂದ ಪೋಡಿಗೆ ಸುದ್ದಿ ಮುಟ್ಟಿಸುವುದು, ದೇವರ ಪೂಜೆ ಮಾಡುವುದು ಮುಂತಾದ ಒಂದೊಂದು ಹೊಣೆ ಒಂದೊಂದು ಹೆಸರಿಗೂ ಅಂಟಿಕೊಂಡಿದೆ. ಮಾಡಬೇಕಾದ ಕೆಲಸವನ್ನು ಹೇಳುವ ಹೆಸರುಗಳಿವು.

ಕಾಡಿನಿಂದ ಬಯಲಿಗಿಳಿದರೆ ಬಿರುದಿನ ಅರ್ಥ ಬೇರೆಯಾಗುತ್ತದೆ. ಅಲ್ಲಿ ಬಿರುದೆಂದರೆ ಮುಗಿದ ಕೆಲಸಕ್ಕೆ ಸಿಕ್ಕ ಪ್ರತಿಫಲ. ಕೊಡುವವರು ಮೇಲಿರುತ್ತಾರೆ, ಪಡೆಯುವವರು ಕೆಳಗೆ ಕೈಯೊಡ್ಡಿ ನಿಲ್ಲುತ್ತಾರೆ. ಪರೋಪಕಾರಕ್ಕೆ, ದಾನಕ್ಕೆ, ಸಮಾಜಸೇವೆಗೆ ಅರಸರೂ ಸರಕಾರಗಳೂ ಕೊಟ್ಟ ಬಿರುದುಗಳ ಕಥೆಯಲ್ಲಿ ಇಂದಿನ ಚಾಮರಾಜನಗರ ಜಿಲ್ಲೆಗೆ ಅನಿರೀಕ್ಷಿತವೆನಿಸುವಷ್ಟು ದೊಡ್ಡ ಪಾಲಿದೆ. ಬಿರುದು ಯಾರಿಗೆ ಸಿಕ್ಕಿತು, ಅದರ ಬೆಲೆಯನ್ನು ಯಾರು ತೆತ್ತರು, ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ತಿಳಿಯಲು ಈ ಗಡಿನಾಡಿಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ.

ಬೀಜವಿಲ್ಲದ ರೈತನಿಗೆ ಬೀಜ

ಕನ್ನಡ ಶಾಸನಗಳ ಬಿರುದಾವಳಿಗಳಲ್ಲಿ ಯುದ್ಧದ ಸದ್ದೇ ಹೆಚ್ಚು. ಶತ್ರುಗಳ ‘ಗಂಡ’ ಎನಿಸಿಕೊಳ್ಳುವುದು ದೊರೆಗಳಿಗೂ ದಂಡನಾಯಕರಿಗೂ ಪ್ರಿಯವಾದ ಸಂಗತಿಯಾಗಿತ್ತು. ‘ಬಿರುದೆಂತೆಂಬರ ಗಂಡ’ ಎಂಬುದು ಮೈಸೂರು ಅರಸರ ಕಾಲದವರೆಗೂ ಉಳಿದುಬಂದ ಬಿರುದು. ಕೊಂದದ್ದಕ್ಕಲ್ಲದೆ ಕೊಟ್ಟದ್ದಕ್ಕೆ ಸಂದ ಬಿರುದುಗಳು ಅವುಗಳ ನಡುವೆ ವಿರಳ. ಆ ಸಾಲಿನಲ್ಲಿ ಮೊದಲು ನೆನಪಾಗುವುದು ಅತ್ತಿಮಬ್ಬೆಗೆ ಸಂದ ‘ದಾನಚಿಂತಾಮಣಿ’. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ರನ್ನನಿಗೆ ಆಶ್ರಯವಿತ್ತ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಈ ಮಹಿಳೆಯ ಕೀರ್ತಿಯನ್ನು 1007ರ ಲಕ್ಕುಂಡಿ ಶಾಸನ ಸಾರುತ್ತದೆ. ಸಾವಿರ ವರ್ಷಗಳ ಬಳಿಕವೂ ಕರ್ನಾಟಕ ಸರ್ಕಾರ ಲೇಖಕಿಯರಿಗೆ ಅದೇ ಹೆಸರಿನ ಪ್ರಶಸ್ತಿ ನೀಡುತ್ತಿದೆ. ಪಡೆದವಳ ಹೆಸರೇ ಮುಂದಿನವರಿಗೆ ಬಿರುದಾಗುವುದು ಅಪರೂಪ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮೂರನೆಯ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗಾಗಿ 1818ರಲ್ಲಿ ಊರಿನ ಹೆಸರನ್ನು ಬದಲಿಸಿದರು. ಅದಕ್ಕೂ ಏಳು ಶತಮಾನಗಳ ಹಿಂದೆ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಅಲ್ಲೊಂದು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಅಲ್ಲಿನ ಶಾಸನ ಪುಣಿಸನನ್ನು ಹೊಗಳುವ ರೀತಿ ಗಮನಾರ್ಹವಾದುದು. ಎಲ್ಲವನ್ನೂ ಕಳೆದುಕೊಂಡ ವರ್ತಕನಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಸ್ಥಾನ ಕಳೆದುಕೊಂಡ ಕಿರಾತ ನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಆತ ಮರಳಿ ಒದಗಿಸಿದನೆಂದು ಅದು ತಿಳಿಸುತ್ತದೆ. ಬರಗಾಲದ ಪರಿಹಾರ, ಬಿತ್ತನೆ ಬೀಜದ ನೆರವು, ಪುನರ್ವಸತಿ ಎಂದು ಇಂದು ಕರೆಯುವ ಕೆಲಸಗಳೇ ಇವು. ಅದೇ ಶಾಸನ ಪುಣಿಸ ತೋದರನ್ನು ಬೆದರಿಸಿದ್ದನ್ನೂ ಕೊಂಗರನ್ನು ಓಡಿಸಿದ್ದನ್ನೂ ನೀಲಗಿರಿಯನ್ನು ಹೊಕ್ಕದ್ದನ್ನೂ ಅಷ್ಟೇ ಹೆಮ್ಮೆಯಿಂದ ಎಣಿಸುತ್ತದೆ. ನೀಲಗಿರಿಯ ತೋದರ ಕುರಿತ ಮೊದಲ ಶಾಸನೋಲ್ಲೇಖವೆಂದು ವಿದ್ವಾಂಸರು ಅದನ್ನು ಉದ್ಧರಿಸುವುದುಂಟು. ಒಂದು ಕೈಯಲ್ಲಿ ಬೀಜ, ಇನ್ನೊಂದು ಕೈಯಲ್ಲಿ ಕತ್ತಿ. ಬೆಟ್ಟದ ಜನ ಬಿರುದಾವಳಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಗೆಲ್ಲಲ್ಪಟ್ಟವರಾಗಿಯೇ ಎಂಬುದನ್ನೂ ಇಲ್ಲಿ ಮರೆಯಬಾರದು. (ಪುಣಿಸನ ಹೆಸರಿಗೂ ಪುಣಜನೂರಿಗೂ ನಂಟು ಕಲ್ಪಿಸುವ ಆಸೆ ಯಾರಿಗಾದರೂ ಆದೀತು. ಧ್ವನಿಸಾಮ್ಯವೊಂದೇ ಅದಕ್ಕೆ ಸಾಕಾಗುವ ಆಧಾರವಲ್ಲ.)

ಸೇತುವೆಗೆ ಸಿಕ್ಕ ಜಹಗೀರು

ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಕೊಳ್ಳೇಗಾಲ ತಾಲ್ಲೂಕಿನ ಶಿವನಸಮುದ್ರದ ಪ್ರಸಂಗ ಇನ್ನೂ ಸ್ವಾರಸ್ಯಕರವಾದುದು. ಕಾವೇರಿ ಅಲ್ಲಿ ಎರಡಾಗಿ ಕವಲೊಡೆದು ದ್ವೀಪವೊಂದನ್ನು ರೂಪಿಸಿ ಧುಮ್ಮಿಕ್ಕುತ್ತದೆ. ದ್ವೀಪವನ್ನು ದಡಗಳಿಗೆ ಬೆಸೆದಿದ್ದ ಹಳೆಯ ಕಲ್ಲಿನ ಸೇತುವೆಗಳು ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಶಿಥಿಲಗೊಂಡಿದ್ದವು, ದ್ವೀಪ ಕಾಡುಪಾಲಾಗಿತ್ತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನಂಬಿಕೆಯ ನೌಕರರಾಗಿದ್ದ ರಾಮಸ್ವಾಮಿ ಮುದಲಿಯಾರರು 1820ರ ದಶಕದಲ್ಲಿ ಆ ಸೇತುವೆಗಳ ಮತ್ತು ದೇವಾಲಯಗಳ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡರು. ಒರಟು ಕಲ್ಲುಕಂಬಗಳನ್ನು ನದಿಯ ಬಂಡೆಗಳ ಮೇಲೆ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಮಾಡಿದ ಕೆಲಸವದು.

ಅದಕ್ಕೆ ಪ್ರತಿಯಾಗಿ ಬ್ರಿಟಿಷ್ ಸರಕಾರ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಮೈಸೂರು ಸಂಸ್ಥಾನವೂ ಹಳ್ಳಿಗಳನ್ನು ಬಿಟ್ಟುಕೊಟ್ಟಿತು. ಬಿರುದಿನ ರಚನೆ ನೋಡಿ. ರಾಜನ ಹೆಸರಿಲ್ಲ, ಶೌರ್ಯದ ಮಾತಿಲ್ಲ. ಜನರಿಗೆ ಉಪಕಾರವಾಗುವ ಕೆಲಸ ಮಾಡಿದವನು ಎಂಬಷ್ಟೇ ಅರ್ಥ. ಒಬ್ಬ ಮನುಷ್ಯನ ಬಿರುದಿಗಿಂತ ಹೆಚ್ಚಾಗಿ ಲೋಕೋಪಯೋಗಿ ಇಲಾಖೆಗೆ ಒಪ್ಪುವ ಹೆಸರು!

ಬಿರುದು ಬಾಯಲ್ಲಿ ಉಳಿಯಿತೋ ಇಲ್ಲವೋ, ಜಹಗೀರಂತೂ ವಂಶಕ್ಕೆ ದಕ್ಕಿತು. ‘ಸೇವೆಗೆ ಗೌರವ’ ಎಂಬ ಮಾತಿನ ಹಿಂದಿನ ಲೆಕ್ಕಾಚಾರ ಇಲ್ಲಿ ನಿಚ್ಚಳವಾಗಿದೆ. ಹಳ್ಳಿಗಳ ಕಂದಾಯವನ್ನು ಬಿರುದಿನ ಜೊತೆಗೆ ಕೊಟ್ಟಾಗ ಗೌರವದ ಖರ್ಚನ್ನು ಭರಿಸಿದವರು ಆ ಹಳ್ಳಿಗಳ ಒಕ್ಕಲುಗಳು. ಪಕ್ಕದ ಯಳಂದೂರಿನದೂ ಇಂಥದೇ ಮಾತು: ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರನ್ನು ಜಹಗೀರಾಗಿ ನೀಡಲಾಯಿತು. ಅದು ರಾಜ್ಯಸೇವೆಗೆ ಸಂದದ್ದು, ದಾನಕ್ಕಲ್ಲ; ಆದರೂ ವಿಧಾನ ಒಂದೇ.

ಶಿವನಸಮುದ್ರದ ಸೇತುವೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಪ್ರವಾಹಗಳನ್ನು ತಡೆದುಕೊಂಡು ನಿಂತಿತ್ತು. ವೆಲ್ಲೆಸ್ಲಿ ಸೇತುವೆ ಎಂದೇ ಹೆಸರಾದ ಅದರ ಒಂದು ಭಾಗ ಈಚಿನ ವರ್ಷಗಳ ನೆರೆಯಲ್ಲಿ ಕುಸಿದಿದೆ. ಕಟ್ಟಿಸಿದವರದಲ್ಲ, ಗವರ್ನರ್ ಜನರಲ್‌ರ ಹೆಸರು ಸೇತುವೆಗೆ ನಿಂತದ್ದನ್ನು ಗಮನಿಸಬೇಕು.

ಧರ್ಮದ ಹೆಸರಿನ ಬಿರುದುಗಳು

ಇಂದಿನ ಚಾಮರಾಜನಗರ ಜಿಲ್ಲೆಯೊಳಗೇ 1956ಕ್ಕೆ ಮುನ್ನ ಎರಡು ಆಡಳಿತಗಳಿದ್ದವು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು; ಕೊಳ್ಳೇಗಾಲ ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗಾಗಿ ಬಿರುದಿಗಾಗಿ ಗುಂಡ್ಲುಪೇಟೆಯ ವರ್ತಕ ಮೈಸೂರು ಅರಮನೆಯತ್ತ ನೋಡಬೇಕಿತ್ತು, ಕೊಳ್ಳೇಗಾಲದ ವರ್ತಕ ಮದ್ರಾಸಿನತ್ತ.

ಬ್ರಿಟಿಷರ ಏಣಿಗೆ ಸ್ಪಷ್ಟವಾದ ಮೆಟ್ಟಿಲುಗಳಿದ್ದವು. ದಕ್ಷಿಣದ ಹಿಂದೂಗಳಿಗೆ ರಾವ್ ಸಾಹೇಬ್, ಅದರ ಮೇಲೆ ರಾವ್ ಬಹದ್ದೂರ್, ಅದಕ್ಕೂ ಮೇಲೆ ದಿವಾನ್ ಬಹದ್ದೂರ್; ಮುಸ್ಲಿಮರಿಗೆ ಖಾನ್ ಸಾಹೇಬ್, ಖಾನ್ ಬಹದ್ದೂರ್. ಬಿರುದನ್ನು ಓದಿದರೆ ಪಡೆದವರ ಮತ, ಪ್ರಾಂತ, ಅಂತಸ್ತು ತಿಳಿಯುತ್ತಿತ್ತೇ ಹೊರತು ಅವರು ಮಾಡಿದ ಕೆಲಸವಲ್ಲ. ಮೈಸೂರು ಅರಮನೆಯ ಬಿರುದುಗಳು ಈ ವಿಷಯದಲ್ಲಿ ಮೇಲು. ಆಡಳಿತಗಾರರಿಗೆ, ಪಂಡಿತರಿಗೆ ‘ರಾಜಸೇವಾಸಕ್ತ’, ರಾಜಸಭೆಯ ಗಣ್ಯರಿಗೆ ‘ರಾಜಸಭಾಭೂಷಣ’, ದಾನಿಗಳಿಗೆ ‘ಧರ್ಮಪ್ರಕಾಶ’, ‘ಧರ್ಮಪ್ರವರ್ತ’, ‘ಧರ್ಮರತ್ನಾಕರ’ ಎಂದು ಕೆಲಸಕ್ಕೆ ತಕ್ಕ ಹೆಸರು. ಮೈಸೂರಿನ ಡಿ. ಬನುಮಯ್ಯನವರು, ಅವರ ಹೆಸರಿನ ಕಾಲೇಜನ್ನು ಬಲ್ಲವರಿಗೆಲ್ಲ ಗೊತ್ತಿರುವಂತೆ, ಧರ್ಮಪ್ರಕಾಶರು.

ಈ ಪರಂಪರೆಯ ಅತ್ಯಂತ ಸ್ಪಷ್ಟ ನಿದರ್ಶನ ಗುಬ್ಬಿ ತೋಟದಪ್ಪನವರು (1838–1910). ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ಅವರಿಗೆ ಮಕ್ಕಳಿರಲಿಲ್ಲ. ರೈಲಿನಲ್ಲಿ ಬಂದಿಳಿಯುವ ಪರಊರಿನವರಿಗೆ ತಂಗಲು ನೆಲೆಯಿಲ್ಲದಿರುವುದನ್ನು ಕಂಡು ನಿಲ್ದಾಣದ ಎದುರಿನ ಜಾಗವನ್ನು ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಉದ್ಘಾಟನೆಯಾಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯ ತೆರೆದರು. ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟರು. ನಾಲ್ಕನೆಯ ಕೃಷ್ಣರಾಜ ಒಡೆಯರು 1905ರಲ್ಲಿ ಧರ್ಮಪ್ರವರ್ತ ಬಿರುದನ್ನು ಕೊಟ್ಟರು. ಬ್ರಿಟಿಷ್ ಸರಕಾರದ ರಾವ್ ಬಹದ್ದೂರ್ ಸಿಕ್ಕಿದ್ದು 1910ರಲ್ಲಿ, ಅವರು ತೀರಿಕೊಂಡ ವರ್ಷ.

ಅವರ ಧರ್ಮಸಂಸ್ಥೆಯ ಆಡಳಿತದ ಹೊಣೆ ಹೊತ್ತ ಕೆ.ಪಿ. ಪುಟ್ಟಣ್ಣಚೆಟ್ಟಿಯವರ ಬಿರುದುಗಳ ಪಟ್ಟಿ ಇನ್ನೂ ಉದ್ದ: ರಾಜಸಭಾಭೂಷಣ, ದಿವಾನ್ ಬಹದ್ದೂರ್, ಕೊನೆಗೆ ‘ಸರ್’. ಬೆಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಶಿವಾಜಿನಗರದ ಗೋಷಾ ಆಸ್ಪತ್ರೆಯ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರಿಗೆ ಬ್ರಿಟಿಷರು ಖಾನ್ ಬಹದ್ದೂರ್ ಮತ್ತು ನೈಟ್ ಪದವಿಗಳನ್ನು ಕೊಟ್ಟರೆ, ಮೈಸೂರು ಸಂಸ್ಥಾನ ಕೊಟ್ಟದ್ದು ‘ಫಖ್ರುತ್ತುಜ್ಜಾರ್’, ಅಂದರೆ ವರ್ತಕರ ಹೆಮ್ಮೆ. ಹಿಂದೂ ಅರಸರ ಆಸ್ಥಾನ ಮುಸ್ಲಿಂ ದಾನಿಗೆ ಅವರ ಸಂಪ್ರದಾಯದ ಭಾಷೆಯಲ್ಲೇ ಬಿರುದು ಕೊಟ್ಟದ್ದು ಆ ಕಾಲದ ಸೌಜನ್ಯ. ಇನ್ನು ಜನೋಪಕಾರಿ ದೊಡ್ಡಣ್ಣ ಶೆಟ್ಟರು. ಅವರು ಕಟ್ಟಿಸಿದ ಸಭಾಂಗಣದಲ್ಲೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡಿತು. ಅವರ ಹೆಸರನ್ನು ‘ಜನೋಪಕಾರಿ’ಯನ್ನು ಬಿಟ್ಟು ಹೇಳುವವರು ಕಡಿಮೆ.

ಈ ಬಿರುದುಗಳಿಗೆ ಒದಗಿದ ಗತಿ ವಿಚಿತ್ರವಾದುದು. ಆರ್‌.ಬಿ.ಎ.ಎನ್‌.ಎಂ. ಶಾಲೆಯಲ್ಲಿ ಓದಿದ ಎಷ್ಟು ಮಂದಿಗೆ ಆ ‘ಆರ್‌.ಬಿ.’ ಎಂದರೆ ರಾಯ್ ಬಹದ್ದೂರ್ ಎಂದು ಗೊತ್ತಿದ್ದೀತು? ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರ ಧರ್ಮರತ್ನಾಕರ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರ ಗೌರವ ಈಗ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಉಸಿರು ಹಿಡಿದಿದೆ. ಕೊಟ್ಟ ಸಾಮ್ರಾಜ್ಯ ಹೋಯಿತು, ಸಂಸ್ಥಾನ ಹೋಯಿತು. ಶಾಲೆಯೂ ಛತ್ರವೂ ಉಳಿದದ್ದರಿಂದ ಬಿರುದಿನ ಮೊದಲ ಅಕ್ಷರಗಳೂ ಉಳಿದವು.

ಇವರೆಲ್ಲರಿಗೂ ಸಮಾನವಾದ ಒಂದು ಅಂಶವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬಹುತೇಕ ಎಲ್ಲರೂ ಸಿರಿವಂತರು. ದಾನವೆಂದರೆ ಧನ, ಬಿರುದು ಬಂದದ್ದು ಧನವನ್ನು ಬಿಟ್ಟುಕೊಟ್ಟದ್ದಕ್ಕೆ. ಧನವಿಲ್ಲದೆ ದೇಹವನ್ನೂ ಮಾನವನ್ನೂ ಸವೆಸಿದವರು ಆ ಪಟ್ಟಿಯಲ್ಲಿ ಕಾಣುವುದು ಕ್ವಚಿತ್ತಾಗಿ. ಮಂಗಳೂರಿನ ಕುದ್ಮಲ್ ರಂಗರಾವ್ ಅಂಥ ಅಪವಾದ. ವಕೀಲರಾಗಿದ್ದ ಅವರು ದಲಿತ ಮಕ್ಕಳ ಶಾಲೆಗಳಿಗಾಗಿ ಸ್ವಜಾತಿಯ ಬಹಿಷ್ಕಾರವನ್ನು ಉಂಡರು. ಸರಕಾರ ಕೊಟ್ಟದ್ದು ಏಣಿಯ ಕೆಳಗಿನ ಮೆಟ್ಟಿಲಾದ ರಾವ್ ಸಾಹೇಬ್. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ಅಧಿಕಾರಿಯಾಗಿ ವಾಹನದಲ್ಲಿ ಸಾಗಬೇಕು, ಆ ದಾರಿಯ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರು ಬಯಸಿದ ಗೌರವವಾಗಿತ್ತು. ಅದೇ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಾಲಯ, ಮುಂದೆ ಕುಷ್ಠರೋಗಿಗಳಿಗೆ ಆಸರೆ ತೆರೆದ ಫಾದರ್ ಅಗಸ್ಟಸ್ ಮುಲ್ಲರ್ ಅವರಿಗೆ ಕೈಸರ್-ಎ-ಹಿಂದ್ ಪದಕ ಸಂದಿತು.

ಉಪಕಾರಿಯೂ ಅಪಕಾರಿಯೂ

ವಿಕ್ಟೋರಿಯಾ ರಾಣಿ 1900ರಲ್ಲಿ ಆರಂಭಿಸಿದ ಕೈಸರ್-ಎ-ಹಿಂದ್ ಪದಕ ಭಾರತದಲ್ಲಿ ಮಾಡಿದ ಸಾರ್ವಜನಿಕ ಸೇವೆಗೆಂದೇ ಮೀಸಲಾಗಿತ್ತು. 1915ರಲ್ಲಿ ಅದರ ಚಿನ್ನದ ಪದಕ ಪಡೆದ ಮೋಹನದಾಸ ಗಾಂಧಿಯವರು 1920ರ ಆಗಸ್ಟ್‌ನಲ್ಲಿ, ಅಸಹಕಾರದ ಆರಂಭದಲ್ಲಿ, ಅದನ್ನು ವೈಸರಾಯ್‌ಗೆ ಹಿಂದಿರುಗಿಸಿದರು. ಮುಂಬಯಿಯ ಜಮ್‌ಷೇಟ್‌ಜಿ ಜೀಜೀಭಾಯಿಯವರು ಆಸ್ಪತ್ರೆ ಮತ್ತಿತರ ದಾನಗಳಿಂದ ಹೆಸರಾಗಿ 1842ರಲ್ಲಿ ನೈಟ್, 1857ರಲ್ಲಿ ಬ್ಯಾರನೆಟ್ ಆದರು. ಎರಡೂ ಪದವಿಗಳನ್ನು ಪಡೆದ ಮೊದಲ ಭಾರತೀಯರು ಅವರೇ. ಆದರೆ ಬ್ಯಾರನೆಟ್ ಪದವಿಯ ಮೂಲ ಅಷ್ಟೇನೂ ಪುಣ್ಯದ್ದಲ್ಲ: ಒಂದನೆಯ ಜೇಮ್ಸ್ ದೊರೆ 1611ರಲ್ಲಿ ಬೊಕ್ಕಸ ತುಂಬಿಸಿಕೊಳ್ಳಲು ಅದನ್ನು ಹಣಕ್ಕೆ ಕೊಟ್ಟಿದ್ದ. ಮೂರು ಶತಮಾನಗಳ ಬಳಿಕ ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಪಕ್ಷನಿಧಿಗೆ ಹಣ ಕೊಟ್ಟವರಿಗೆ ಬಿರುದು ಸಿಗುತ್ತಿದೆ ಎಂಬ ಹಗರಣ ಎದ್ದು, ಬಿರುದಿನ ಮಾರಾಟವನ್ನು ತಡೆಯಲು ಬ್ರಿಟನ್ 1925ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಜಪಾನ್ ಈ ಕಣ್ಣಾಮುಚ್ಚಾಲೆಯನ್ನು ಬಿಟ್ಟು ದರವನ್ನೇ ಬರೆದಿಟ್ಟಿದೆ. ಸಾರ್ವಜನಿಕ ಹಿತಕ್ಕೆ 50 ಲಕ್ಷ ಯೆನ್‌ಗೆ ಕಡಿಮೆಯಿಲ್ಲದಂತೆ ದಾನ ಮಾಡಿದ ವ್ಯಕ್ತಿಗೆ ಅಲ್ಲಿ ಕಡುನೀಲಿ ಪಟ್ಟಿಯ ಗೌರವಪದಕ ನೀಡಲಾಗುತ್ತದೆ.

ಇನ್ನೂ ಹಿಂದಿನದೆಂದರೆ ಗ್ರೀಕ್ ಲೋಕದ ‘ಯೂಎರ್ಗೆಟೀಸ್’. ಉಪಕಾರಿ ಎಂಬುದು ಅದರ ಅರ್ಥ. ಈಜಿಪ್ಟನ್ನು ಆಳಿದ ಮೂರನೆಯ ಟಾಲೆಮಿ ಈ ಬಿರುದನ್ನು ಧರಿಸಿದ. ಕ್ರೌರ್ಯಕ್ಕೆ ಹೆಸರಾದ ಎಂಟನೆಯ ಟಾಲೆಮಿಯೂ ಅದನ್ನೇ ತನಗೆ ಇಟ್ಟುಕೊಂಡಾಗ ಅಲೆಕ್ಸಾಂಡ್ರಿಯದ ಜನ ಸುಮ್ಮನಿರಲಿಲ್ಲ. ಆತನಿಗೆ ‘ಕಾಕೆರ್ಗೆಟೀಸ್’, ಅಂದರೆ ಅಪಕಾರಿ, ಎಂದು ಹೆಸರಿಟ್ಟರು. ಬೊಜ್ಜಿನ ದೇಹಕ್ಕೆ ‘ಫಿಸ್ಕನ್’, ಹೊಟ್ಟೆಯವನು, ಎಂದೂ ಸೇರಿಸಿದರು. ಇತಿಹಾಸದ ಪುಸ್ತಕಗಳಲ್ಲಿ ಇಂದಿಗೂ ಎರಡೂ ಬಿರುದುಗಳಿವೆ. ಇಂಗ್ಲಿಷಿನ ‘ಲಾರ್ಡ್’ ಎಂಬ ಶಬ್ದ ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿಯನ್ನು ಕಾಯುವವನು ಎಂಬ ಅರ್ಥದ ಪದದಿಂದ ಬಂದದ್ದು, ‘ಲೇಡಿ’ ರೊಟ್ಟಿಯ ಹಿಟ್ಟು ನಾದುವವಳು. ಮನೆಮಂದಿಗೆ ಅನ್ನ ಹಾಕುವವನೇ ಒಡೆಯ ಎಂಬ ಆ ತಿಳಿವಳಿಕೆಯನ್ನು ಬಲ್ಲವರಿಗೆ, ರಾಗಿ ಕೊಯ್ಲಿನ ಬಳಿಕ ಸೋಲಿಗರು ಒಟ್ಟಾಗಿ ಆಚರಿಸುವ ರೊಟ್ಟಿ ಹಬ್ಬ ಪರಕೀಯವೆನಿಸದು.

ಸಂವಿಧಾನದ 18ನೇ ವಿಧಿ

1950ರ ಜನವರಿ 26ರಂದು ಈ ಏಣಿ ಕಾನೂನಿನ ದೃಷ್ಟಿಯಲ್ಲಿ ಕಳಚಿಬಿತ್ತು. ಸೇನಾ ಅಥವಾ ಶೈಕ್ಷಣಿಕ ಪದವಿಗಳ ಹೊರತು ಬೇರಾವ ಬಿರುದನ್ನೂ ರಾಜ್ಯವು ಕೊಡಕೂಡದು ಎಂದು ಸಂವಿಧಾನದ 18ನೇ ವಿಧಿ ಹೇಳುತ್ತದೆ. ಭಾರತದ ಪ್ರಜೆ ವಿದೇಶಿ ರಾಜ್ಯದಿಂದಲೂ ಬಿರುದನ್ನು ಸ್ವೀಕರಿಸಕೂಡದು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯ ಮಗ್ಗುಲಿಗೇ ಇದನ್ನು ಇಟ್ಟಿದ್ದಾರೆ. ಹುಟ್ಟಿನಿಂದ ಕೀಳು ಮಾಡುವುದನ್ನು ಒಂದು ತಡೆದರೆ, ಬಿರುದಿನಿಂದ ಮೇಲು ಮಾಡುವುದನ್ನು ಇನ್ನೊಂದು ತಡೆಯುತ್ತದೆ. ಸಂಸ್ಥಾನಿಕರ ಅಧಿಕೃತ ಮಾನ್ಯತೆಯೂ ರಾಜಧನವೂ 1971ರ 26ನೇ ತಿದ್ದುಪಡಿಯಿಂದ ಕೊನೆಗೊಂಡವು.

ಹೀಗಿರುವಾಗ 1954ರಲ್ಲಿ ಆರಂಭವಾದ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಏನು? ಈ ಪ್ರಶ್ನೆ ನಾಲ್ಕು ದಶಕ ಕಾಡಿತು. ಜನತಾ ಸರಕಾರ 1977ರಲ್ಲಿ ಅವನ್ನು ನಿಲ್ಲಿಸಿತು. 1980ರಲ್ಲಿ ಮತ್ತೆ ಬಂದವು. ಕೊನೆಗೆ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರ ಡಿಸೆಂಬರ್ 15ರಂದು ತೀರ್ಪಿತ್ತಿತು. ಇವು ಬಿರುದುಗಳಲ್ಲ, ಸಾಧನೆಯನ್ನು ಗುರುತಿಸುವ ಪ್ರಶಸ್ತಿಗಳು, ಆದುದರಿಂದ ಸಂವಿಧಾನಬಾಹಿರವಲ್ಲ. ಆದರೆ ಪಡೆದವರು ಅವನ್ನು ಹೆಸರಿನ ಹಿಂದೆ ಮುಂದೆ ಬಳಸಕೂಡದು ಎಂಬುದು ಅದರ ಸಾರ. ಬಳಸಿದರೆ ಪ್ರಶಸ್ತಿಯನ್ನೇ ಹಿಂಪಡೆಯಲು ಅವಕಾಶವಿದೆ. ಪದ್ಮ ಪ್ರಶಸ್ತಿಗೆ ನಗದು ಇಲ್ಲ, ರೈಲು ರಿಯಾಯಿತಿಯೂ ಇಲ್ಲ. ಜಹಗೀರಿನ ಕಾಲ ಅಷ್ಟರಮಟ್ಟಿಗೆ ಮುಗಿದಿದೆ.

ತೀರ್ಪು ಬಂದು ಮೂರು ದಶಕಗಳಾದರೂ ಆಮಂತ್ರಣ ಪತ್ರಿಕೆಗಳಲ್ಲಿ, ಫ್ಲೆಕ್ಸುಗಳಲ್ಲಿ ‘ಪದ್ಮಶ್ರೀ ಇಂಥವರು’ ಎಂದೇ ಅಚ್ಚಾಗುತ್ತಿದೆ. ನಿರ್ಬಂಧ ಪಡೆದವರಿಗಷ್ಟೇ ಅನ್ವಯಿಸುತ್ತದೆಂಬಂತೆ ಅಭಿಮಾನಿಗಳು ವರ್ತಿಸುತ್ತಾರೆ. ಪುಣಜನೂರಿನಿಂದ ಹೆಚ್ಚು ದೂರವಿಲ್ಲದ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ಗಾಜನೂರಿನ ರಾಜಕುಮಾರ್ ಅವರ ಹೆಸರಿನ ಹಿಂದಿರುವ ‘ಡಾ.’ ಮಾತ್ರ ಈ ತಕರಾರಿಗೆ ಸಿಗದು. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಕೊಟ್ಟ ಗೌರವ ಡಾಕ್ಟರೇಟ್ ಅದು, ಶೈಕ್ಷಣಿಕ ಪದವಿ. ಇದೇ ರಿಯಾಯಿತಿಯ ಬಾಗಿಲಲ್ಲಿ ಮಾನ್ಯತೆಯೇ ಇಲ್ಲದ ಸಂಸ್ಥೆಗಳು ಹಣ ಪಡೆದು ‘ಸಮಾಜಸೇವೆಗಾಗಿ ಡಾಕ್ಟರೇಟ್’ ಹಂಚುವ ದಂಧೆಯೂ ನುಸುಳಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಇವರನ್ನು ಕಂಡೇ ಹುಟ್ಟಿದಂತಿದೆ.

ಜನರೇ ಇಟ್ಟ ಹೆಸರು

18ನೇ ವಿಧಿ ತಡೆಯುವುದು ರಾಜ್ಯವನ್ನು, ಜನರನ್ನಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಆಸ್ಪತ್ರೆಯಿಲ್ಲದ ಕಾಲದಿಂದ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ನರಸಮ್ಮನವರಿಗೆ ‘ಸೂಲಗಿತ್ತಿ’ ಎಂಬುದು ಕಸುಬಿನ ಹೆಸರಾಗಿತ್ತು, ಕೊನೆಗೆ ಬಿರುದಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು ನೀರು ಹೊತ್ತ ತಿಮ್ಮಕ್ಕನವರು 2019ರ ಪದ್ಮಶ್ರೀಗೂ ಬಹಳ ಮೊದಲೇ ‘ಸಾಲುಮರದ’ ತಿಮ್ಮಕ್ಕ ಆಗಿದ್ದರು. 2025ರ ನವೆಂಬರ್‌ನಲ್ಲಿ ಅವರು ನಿಧನರಾದಾಗ ಸುದ್ದಿಯ ತಲೆಬರಹಗಳಲ್ಲಿದ್ದದ್ದು ಆ ಹೆಸರೇ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ‘ಅಕ್ಷರ ಸಂತ’. 2020ರ ಪಟ್ಟಿಯಲ್ಲಿದ್ದ ಪದ್ಮಶ್ರೀಯನ್ನು ಅವರು 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. 2007ರಲ್ಲಿ ಕರ್ನಾಟಕ ರತ್ನ ಪಡೆದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ಜನ ಕರೆದದ್ದು ‘ನಡೆದಾಡುವ ದೇವರು’ ಎಂದು.

ತೋಟದಪ್ಪನವರ ಕಾಲದ ಪಟ್ಟಿಗೂ ಈ ಪಟ್ಟಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಧನಿಕರಿಲ್ಲ. ಜನ ಕೊಟ್ಟ ಹೆಸರು ಮೊದಲು ಬಂದು, ಸರ್ಕಾರದ ಪ್ರಶಸ್ತಿ ಅದನ್ನು ಹಿಂಬಾಲಿಸಿ ಬಂದಿದೆ. ಮೈಸೂರು ಅರಮನೆಯ ‘ಧರ್ಮಪ್ರಕಾಶ’ ಸಂಸ್ಕೃತದ್ದು. ‘ಸೂಲಗಿತ್ತಿ’, ‘ಸಾಲುಮರ’ ಅಡುಗೆಮನೆಯ, ಬೀದಿಯ ಕನ್ನಡ.

ಚಾಮರಾಜನಗರ ಪಟ್ಟಣದಲ್ಲಿ 1992ರಲ್ಲಿ ನಿರ್ಗತಿಕ ಮಕ್ಕಳ ಮನೆಯಾಗಿ ಶುರುವಾದ ಸಂಸ್ಥೆ ಇಂಥದೊಂದು ಜನಬಿರುದನ್ನೇ ತನ್ನ ಹೆಸರಾಗಿಸಿಕೊಂಡಿದೆ: ದೀನಬಂಧು. ಗಾಂಧೀಜಿಯ ಗೆಳೆಯ ಸಿ.ಎಫ್. ಆಂಡ್ರೂಸ್ ಅವರನ್ನು ಭಾರತೀಯರು ಕರೆದ ಹೆಸರದು.

ಬೆಟ್ಟಕ್ಕೆ ಬಂದ ಪ್ರಶಸ್ತಿಗಳು

ಪುಣಜನೂರು ಸೀಮೆಯ ಕಾಡಿಗೆ ಅಂತರರಾಷ್ಟ್ರೀಯ ಗೌರವವೊಂದು ಬಂದದ್ದು 1994ರಲ್ಲಿ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ್ದರು. ಸೋಲಿಗರಿಗಾಗಿ ಆಸ್ಪತ್ರೆ, ಶಾಲೆ ಬೆಳೆದವು. ಯಳಂದೂರು ತಾಲ್ಲೂಕಿನ ಕುಷ್ಠರೋಗದ ವಿರುದ್ಧ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಸರಕಾರ 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನು ಆ ಟ್ರಸ್ಟಿಗೆ ವಹಿಸಿತು. ‘ಪರ್ಯಾಯ ನೊಬೆಲ್’ ಎಂದು ಹೆಸರಾದ, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು 1994ರಲ್ಲಿ ಸುದರ್ಶನ್ ಮತ್ತು ಕಲ್ಯಾಣ ಕೇಂದ್ರ ಎರಡರ ಹೆಸರಿನಲ್ಲೂ ನೀಡಲಾಯಿತು. ವ್ಯಕ್ತಿಯ ಜೊತೆ ಸಂಸ್ಥೆಯೂ ಗೌರವದ ಪಾಲು ಪಡೆದ ಈ ಪದ್ಧತಿಯನ್ನು ನಮ್ಮ ಪ್ರಶಸ್ತಿಗಳೂ ಅನುಸರಿಸಬಹುದಿತ್ತು. 2000ರಲ್ಲಿ ಪದ್ಮಶ್ರೀ ಬಂದದ್ದು ವೈದ್ಯರೊಬ್ಬರಿಗೆ.

ಇದೇ ದಶಕಗಳಲ್ಲಿ ಸೋಲಿಗರ ಬದುಕಿನಲ್ಲಿ ನಡೆದದ್ದನ್ನು ಈ ಗೌರವಗಳ ಪಕ್ಕದಲ್ಲಿಟ್ಟು ನೋಡಬೇಕು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು. ಪೋಡು ಬೇಸಾಯ ನಿಂತಿತು, ಒಳಗಾಡಿನ ಕುಟುಂಬಗಳು ಹೊರಗಿನ ಪೋಡುಗಳಿಗೆ ಬಂದವು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬೆನ್ನಿಗೆ ಜೇನು, ನೆಲ್ಲಿಕಾಯಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕೆ ಸಂಗ್ರಹಿಸುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಆ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದ, ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್‌.ಡಿ. ಪಡೆದವರು. 18ನೇ ವಿಧಿ ಒಪ್ಪುವ ‘ಡಾ.’ ಅವರ ಹೆಸರಿನ ಹಿಂದಿದೆ.

ಪುಣಿಸನ ಶಾಸನದಲ್ಲಿ ಕಿರಾತರು ಪಡೆಯುವವರು, ಕೊಡುವವನು ದಂಡನಾಯಕ. ಒಂಬತ್ತು ಶತಮಾನಗಳ ಬಳಿಕವೂ ಬೆಟ್ಟಕ್ಕೆ ಬಂದ ದೊಡ್ಡ ಪ್ರಶಸ್ತಿಗಳಲ್ಲಿ ಸೋಲಿಗರು ‘ಸೇವೆ ಪಡೆದವರು’ ಎಂಬ ಸ್ಥಾನದಲ್ಲೇ ಇದ್ದಾರೆ. ಪೋಡಿನಲ್ಲಿ ಹೆರಿಗೆ ಮಾಡಿಸಿದವರು, ಗಿಡಮೂಲಿಕೆ ಕೊಟ್ಟವರು, ಕಾಡ್ಗಿಚ್ಚಿಗೆ ಮೈಯೊಡ್ಡಿದವರು ಸೇವೆ ಕೊಟ್ಟವರ ಕಾಲಮಿನಲ್ಲಿ ಕಾಣಿಸುವುದು ಅಪರೂಪ.

ಇದಕ್ಕೆ ನಿಯಮಗಳು ಅಡ್ಡಿಯಲ್ಲ. ಪದ್ಮ ಪ್ರಶಸ್ತಿಗೆ 2016ರಿಂದ ಯಾವುದೇ ಪ್ರಜೆ ಆನ್‌ಲೈನ್‌ನಲ್ಲಿ ಯಾರನ್ನಾದರೂ ಸೂಚಿಸಬಹುದು, ತನ್ನನ್ನೇ ಸೂಚಿಸಿಕೊಳ್ಳುವುದಕ್ಕೂ ಅವಕಾಶವಿದೆ. ಮಂತ್ರಿಯ ಶಿಫಾರಸು ಬೇಕಿಲ್ಲ. ಸಾಧನೆಯನ್ನು ಗರಿಷ್ಠ 800 ಪದಗಳಲ್ಲಿ ವಿವರಿಸಿ, ಕೇಂದ್ರ ಗೃಹ ಸಚಿವಾಲಯದ ಪ್ರಶಸ್ತಿ ಜಾಲತಾಣದಲ್ಲಿ ನಿಗದಿತ ದಿನದೊಳಗೆ ಸಲ್ಲಿಸಬೇಕು. ರಾಜ್ಯೋತ್ಸವ ಪ್ರಶಸ್ತಿಗೂ ಸಾರ್ವಜನಿಕರು ಹೆಸರು ಸೂಚಿಸಲು ಅವಕಾಶ ಕೊಟ್ಟದ್ದುಂಟು. ಮೊಬೈಲ್ ಸಂಪರ್ಕ ದುರ್ಬಲವಾಗಿರುವ ಕಾಡಿನ ಪೋಡಿನ ಸೂಲಗಿತ್ತಿಯೊಬ್ಬರ ಪರವಾಗಿ ಆ 800 ಪದಗಳನ್ನು ಬರೆದು ಕಳಿಸಲು ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಬಂದು ಕೂರುವ ಒಬ್ಬರು ಬೇಕು.